ವಿದೇಶಕ್ಕೆ ಹೊರಟಿದ್ದೀರಾ? ಕಾರ್ಡು, ಕ್ಯಾಶಿನ ಕೆಲಸ ಹುಬ್ಬಳ್ಳಿಯಲ್ಲೇ ಮುಗಿಸಿಕೊಳ್ಳಿ

ಹೋದ ವರ್ಷ ಅವ್ವನನ್ನು ಕರೆದುಕೊಂಡು ಸಿಂಗಾಪುರಕ್ಕೆ ಹೋಗಿದ್ದೆ, ತಮ್ಮನ ಮನೆಗೆ. ಎರಡನೇ ದಿನ ತಮ್ಮ ಆಫೀಸಿಗೆ ಹೋದ ಮೇಲೆ ನಾವಿಬ್ಬರೇ ಲಿಟಲ್ ಇಂಡಿಯಾದ ಒಂದು ಬಟ್ಟೆ ಅಂಗಡಿಗೆ ಹೋದೆವು. ಅವ್ವ ಅರ್ಧ ಗಂಟೆ ನೋಡಿ ನೋಡಿ ಮೊಮ್ಮಗಳಿಗೆ ಒಂದು ಹಳದಿ ಫ್ರಾಕ್ ಆರಿಸಿದಳು. ಕಾರ್ಡ್ ಕೊಟ್ಟೆ. ಡಿಕ್ಲೈನ್. ಇನ್ನೊಮ್ಮೆ ಹಾಕಿ ನೋಡಿದರು. ಮತ್ತೆ ಡಿಕ್ಲೈನ್. ಖಾತೆಯಲ್ಲಿ ದುಡ್ಡು ಬೇಕಾದಷ್ಟಿತ್ತು. ಆದರೆ ಕಾರ್ಡ್ ಹೊಸದು, ಹಳೇದರ ಅವಧಿ ಮುಗಿಯಿತು ಅಂತ ಹೊರಡುವ ಹದಿನೈದು ದಿನ ಮೊದಲು ಬ್ಯಾಂಕಿನಿಂದ ಬಂದಿದ್ದು, ಅದರಲ್ಲಿ ವಿದೇಶಿ ಬಳಕೆ ಬಂದ್ ಇತ್ತು. ಆ್ಯಪ್‌ನಲ್ಲಿ ಆನ್ ಮಾಡೋಣ ಅಂದರೆ ಒಟಿಪಿ ಬೇಕು. ಒಟಿಪಿ ಬರುವ ಸಿಮ್ ಕೇಶ್ವಾಪುರದ ಮನೆಯಲ್ಲಿ, ಟೇಬಲ್ ಡ್ರಾದಲ್ಲಿ. "ಇರ್ಲಿ ಬಿಡವಾ, ನಾಳೆ ತಗೊಂಡರಾತು" ಅಂತ ಅವ್ವ ಆ ಫ್ರಾಕನ್ನು ತಾನೇ ಮಡಚಿ ಕೌಂಟರಿನ ಹುಡುಗಿಗೆ ವಾಪಸ್ ಕೊಟ್ಟಳು. ಆ ಮಡಚಿದ ರೀತಿ ನನಗೆ ಇವತ್ತಿಗೂ ನೆನಪಿದೆ.

ನಮ್ಮ ಕಡೆಯಿಂದ ಈಗ ಮಕ್ಕಳು, ಮೊಮ್ಮಕ್ಕಳನ್ನು ನೋಡಲು ಅಮೆರಿಕ, ಸಿಂಗಾಪುರ, ದುಬೈ ಅಂತ ಹೋಗುವ ಹಿರಿಯರು ಬಹಳ ಇದ್ದಾರೆ. ಚಟ್ನಿಪುಡಿ, ಧಾರವಾಡ ಪೇಡೆ, ರೊಟ್ಟಿ ಕಟ್ಟುವುದರಲ್ಲಿ ಒಂದು ತಿಂಗಳು ಹೋಗುತ್ತದೆ. ದುಡ್ಡಿನ ವಿಚಾರ ಮಾತ್ರ ಕೊನೇ ದಿನಕ್ಕೆ ಉಳಿಯುತ್ತದೆ. ಹಾಗೆ ಮಾಡಬೇಡಿ. ಅಲ್ಲಿ ಒಂದು ದಿನ ಒದ್ದಾಡುವ ಕೆಲಸ ಇಲ್ಲಿ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಮೊದಲನೇ ಕೆಲಸ, ಕಾರ್ಡಿನ ಸ್ವಿಚ್. 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದ ಪ್ರಕಾರ ಹೊಸ ಕಾರ್ಡು ಅಥವಾ ಬದಲಿ ಕಾರ್ಡು ಬಂದಾಗ ಅದು ಭಾರತದೊಳಗಿನ ಎಟಿಎಂ ಮತ್ತು ಅಂಗಡಿ ಮಷಿನ್‌ಗಳಲ್ಲಿ ಮಾತ್ರ ನಡೆಯುತ್ತದೆ. ವಿದೇಶಿ ಬಳಕೆಯನ್ನು ನಾವೇ ಆನ್ ಮಾಡಬೇಕು. ಮೋಸ ತಡೆಯಲು ಮಾಡಿದ ನಿಯಮ, ಒಳ್ಳೆಯದೇ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಸೆಟ್ಟಿಂಗ್ಸ್‌ಗೆ ಹೋದರೆ ಇಂಟರ್‌ನ್ಯಾಷನಲ್ ಅಂತ ಇರುತ್ತದೆ. ಅದೊಂದನ್ನು ಆನ್ ಮಾಡಿ ಎದ್ದುಬಿಡಬೇಡಿ. ಅದರೊಳಗೆ ಎಟಿಎಂ, ಅಂಗಡಿ ಮಷಿನ್, ಆನ್‌ಲೈನ್, ಟ್ಯಾಪ್ ಮಾಡುವುದು ಅಂತ ಬೇರೆ ಬೇರೆ ಸ್ವಿಚ್ ಇರುತ್ತವೆ, ಒಂದೊಂದಕ್ಕೂ ದಿನದ ಮಿತಿ ಬೇರೆ. ಸ್ವಿಚ್ ಆನ್ ಇದ್ದು ಮಿತಿ ಸೊನ್ನೆ ಇದ್ದರೂ ಕಾರ್ಡ್ ನಡೆಯುವುದಿಲ್ಲ. ಅದನ್ನೂ ನೋಡಿ.

ಗ್ರಾಮೀಣ ಬ್ಯಾಂಕು, ಸಹಕಾರಿ ಬ್ಯಾಂಕುಗಳಲ್ಲಿ ಪೆನ್ಶನ್ ಖಾತೆ ಇಟ್ಟವರು ಸ್ವಲ್ಪ ಜಾಸ್ತಿ ಎಚ್ಚರ ವಹಿಸಿ. ಅಲ್ಲಿ ಕೊಡುವ ಸಾದಾ ರೂಪೇ ಕಾರ್ಡು ಸಾಮಾನ್ಯವಾಗಿ ದೇಶದೊಳಗೆ ಮಾತ್ರ. ರೂಪೇಯಲ್ಲೂ ವಿದೇಶದಲ್ಲಿ ನಡೆಯುವ ಕಾರ್ಡುಗಳಿವೆ, ಡಿಸ್ಕವರ್, ಡೈನರ್ಸ್, ಜೆಸಿಬಿ ಜಾಲದ ಮೂಲಕ ನಡೆಯುತ್ತವೆ. ನಿಮ್ಮದು ಯಾವುದು ಅಂತ ಬ್ರಾಂಚಿಗೆ ಹೋಗಿ ಕೇಳಿಬಿಡಿ. ಕಾರ್ಡ್ ಬದಲಾಯಿಸಬೇಕಾದರೆ ಹದಿನೈದು ಇಪ್ಪತ್ತು ದಿನ ಹಿಡಿಯಬಹುದು, ಅದಕ್ಕೇ ಒಂದು ತಿಂಗಳು ಮೊದಲೇ ಈ ಕೆಲಸಕ್ಕೆ ಇಳಿಯಿರಿ ಅನ್ನುವುದು.

ಎರಡನೇದು ಸಿಮ್. ಬ್ಯಾಂಕಿಗೆ ಜೋಡಿಸಿದ ಸಿಮ್ ನಿಮ್ಮ ಜೊತೆಗೇ ಬರಬೇಕು, ಅದರಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಇರಬೇಕು. ಎರಡು ಸಿಮ್ಮಿನ ಫೋನಾದರೆ ಊರಿನ ಸಿಮ್ ಒಂದರಲ್ಲಿ ಇರಲಿ, ಅಲ್ಲಿಯ ಸಿಮ್ ಇನ್ನೊಂದರಲ್ಲಿ. ಊರಿನ ಸಿಮ್ಮಿನ ಡೇಟಾ ರೋಮಿಂಗ್ ಮಾತ್ರ ಆಫ್ ಮಾಡಿ, ಇಲ್ಲದಿದ್ದರೆ ಬಿಲ್ ಏರುತ್ತದೆ. ಒಟಿಪಿಯ ಎಸ್‌ಎಂಎಸ್ ಬರಲು ಡೇಟಾ ಬೇಕಿಲ್ಲ.

ಇನ್ನು ಖರ್ಚಿನ ಲೆಕ್ಕ. ನಮ್ಮ ಕಾರ್ಡನ್ನು ಹೊರಗೆ ಬಳಸಿದರೆ ಬ್ಯಾಂಕು ಮಾರ್ಕಪ್ ಅಂತ ಒಂದು ಶುಲ್ಕ ಹಾಕುತ್ತದೆ. ಬಹಳ ಕಾರ್ಡುಗಳಲ್ಲಿ ಅದು ಶೇ. 2ರಿಂದ 3.5ರವರೆಗೆ. ಆ ಮಾರ್ಕಪ್ ಮೇಲೆ ಶೇ. 18 ಜಿಎಸ್‌ಟಿ. ಅಂದರೆ ಶೇ. 3.5ರ ಕಾರ್ಡಿನಲ್ಲಿ ಒಂದು ಲಕ್ಷ ಖರ್ಚು ಮಾಡಿದರೆ 3,500 ರೂಪಾಯಿ, ಅದರ ಮೇಲೆ 630, ಒಟ್ಟು 4,130 ರೂಪಾಯಿ ಸುಮ್ನೆ ಹೋಗುತ್ತದೆ. ಮಾರ್ಕಪ್ ಕಡಿಮೆ ಇರುವ, ಕೆಲವು ಸಲ ಇಲ್ಲವೇ ಇಲ್ಲದ ಕಾರ್ಡುಗಳೂ ಸಿಗುತ್ತವೆ. ಮನೆಯಲ್ಲಿ ಎರಡು ಮೂರು ಕಾರ್ಡಿದ್ದರೆ ಮೊದಲು ಅದೊಂದನ್ನು ಹೋಲಿಸಿ ನೋಡಿ, ಕಡಿಮೆ ಇರುವುದನ್ನೇ ಒಯ್ಯಿರಿ.

ಈಗ ಹೇಳುವುದನ್ನು ಮಾತ್ರ ದಯವಿಟ್ಟು ಎರಡು ಸಲ ಓದಿ, ಮನೆಯ ಹಿರಿಯರಿಗೂ ಹೇಳಿಕೊಡಿ. ಅಂಗಡಿಯವರು ಮಷಿನ್ ನಿಮ್ಮ ಕಡೆ ತಿರುಗಿಸುತ್ತಾರೆ. ಪರದೆಯ ಮೇಲೆ ಎರಡು ಸಾಲು ಇರುತ್ತವೆ. ಒಂದರಲ್ಲಿ ಆ ದೇಶದ ದುಡ್ಡು, ಇನ್ನೊಂದರಲ್ಲಿ ನಮ್ಮ ರೂಪಾಯಿ. ರೂಪಾಯಿ ಕಂಡ ಕೂಡಲೇ ಕೈ ಅದರ ಮೇಲೇ ಹೋಗುತ್ತದೆ, ಪರಿಚಯದ ದುಡ್ಡು ಅಲ್ವಾ? ಒತ್ತಬೇಡಿ. ಆ ದೇಶದ ದುಡ್ಡನ್ನೇ ಒತ್ತಿ. ರೂಪಾಯಿ ಒತ್ತಿದರೆ ಡಾಲರನ್ನು ರೂಪಾಯಿಗೆ ಬದಲಾಯಿಸುವ ದರವನ್ನು ಆ ಮಷಿನ್ ಕಡೆಯವರು ಹಾಕುತ್ತಾರೆ, ಅದರಲ್ಲಿ ಅವರ ಲಾಭ ಸೇರಿರುತ್ತದೆ. ಇದಕ್ಕೆ ಡಿಸಿಸಿ ಅನ್ನುತ್ತಾರೆ. ಹಾಗಂತ ನಮ್ಮ ಬ್ಯಾಂಕಾದರೂ ಬಿಡುತ್ತದೆಯೇ ಅಂದರೆ ಇಲ್ಲ, ಎಷ್ಟೋ ಬ್ಯಾಂಕುಗಳು ಇಂಥ ವ್ಯವಹಾರಕ್ಕೂ ಒಂದು ಶುಲ್ಕ ಇಟ್ಟಿವೆ, ಹೀಗಾಗಿ ಎರಡೂ ಕಡೆ ಹೊಡೆತ. ಕೆಲವು ಅಂಗಡಿಗಳಲ್ಲಿ ಕೇಳದೆ ಅವರೇ ರೂಪಾಯಿ ಒತ್ತಿಬಿಡುತ್ತಾರೆ. ರಸೀದಿಯಲ್ಲಿ ರೂಪಾಯಿ ಕಂಡರೆ ಅಲ್ಲೇ ನಿಂತು, ಇದನ್ನು ರದ್ದು ಮಾಡಿ ನಿಮ್ಮ ದುಡ್ಡಿನಲ್ಲೇ ಮತ್ತೆ ಹಾಕಿ ಅಂತ ಕೇಳಿ. ವೀಸಾ, ಮಾಸ್ಟರ್‌ಕಾರ್ಡ್ ನಿಯಮದಲ್ಲೇ ಆಯ್ಕೆ ಗಿರಾಕಿಯದು. ಸಂಕೋಚ ಬೇಡ.

ಎಟಿಎಂನಲ್ಲೂ ಇದೇ ಆಟ. ಇಷ್ಟು ದರಕ್ಕೆ ಕನ್ವರ್ಟ್ ಮಾಡಲೇ ಅಂತ ಕೇಳುತ್ತದೆ, ‘ವಿದೌಟ್ ಕನ್ವರ್ಷನ್’ ಅಥವಾ ‘ಡಿಕ್ಲೈನ್’ ಅಂತ ಇರುವುದನ್ನು ಒತ್ತಿ. ಡಿಕ್ಲೈನ್ ಅಂದರೆ ದುಡ್ಡು ಬರುವುದಿಲ್ಲ ಅಂತ ಹೆದರಬೇಡಿ, ನೀವು ಬೇಡ ಅಂದಿದ್ದು ಅವರ ದರವನ್ನು ಮಾತ್ರ, ದುಡ್ಡು ಬರುತ್ತದೆ. ಎಟಿಎಂ ಶುಲ್ಕ ಪ್ರತಿ ಸಲಕ್ಕೂ ಬೀಳುತ್ತದೆ, ಒಂದು ನಮ್ಮ ಬ್ಯಾಂಕಿನದು, ಎಷ್ಟೋ ದೇಶಗಳಲ್ಲಿ ಇನ್ನೊಂದು ಅಲ್ಲಿಯ ಎಟಿಎಂನದು. ಥಾಯ್ಲೆಂಡಿನಲ್ಲಿ ವಿದೇಶಿ ಕಾರ್ಡಿಗೆ ಸಲಕ್ಕೆ 220 ಬಾಟ್ ಅಥವಾ ಇನ್ನೂ ಜಾಸ್ತಿ. ಅದಕ್ಕೆ ಚಿಲ್ಲರೆ ಚಿಲ್ಲರೆ ತೆಗೆಯದೆ ನಾಲ್ಕೈದು ದಿನಕ್ಕೆ ಆಗುವಷ್ಟು ಒಮ್ಮೆಗೇ ತೆಗೆಯಿರಿ. ಬ್ಯಾಂಕಿನ ಕಟ್ಟಡದೊಳಗಿನ ಎಟಿಎಂ ಆದರೆ ಒಳ್ಳೆಯದು, ಕಾರ್ಡ್ ಸಿಕ್ಕಿಬಿದ್ದರೂ ಕೇಳಲು ಜನ ಇರುತ್ತಾರೆ. ಕ್ರೆಡಿಟ್ ಕಾರ್ಡಿನಿಂದ ಮಾತ್ರ ಕ್ಯಾಶ್ ತೆಗೆಯಬೇಡಿ. ತೆಗೆದ ದಿನದಿಂದಲೇ ಬಡ್ಡಿ ಶುರುವಾಗುತ್ತದೆ, ಜೊತೆಗೆ ಶುಲ್ಕ ಬೇರೆ.

ಕ್ಯಾಶ್ ಎಷ್ಟು ಒಯ್ಯಬೇಕು? ನನ್ನ ಪ್ರಕಾರ ಮೊದಲ ಎರಡು ಮೂರು ದಿನಕ್ಕೆ ಆಗುವಷ್ಟು, ಮೇಲೆ ಆಪತ್ತಿಗೆ ಅಂತ ನೂರಿನ್ನೂರು ಡಾಲರ್. ಕಾನೂನಿನ ಮಿತಿ ಬೇರೆ ಇದೆ. ಬಹಳಷ್ಟು ದೇಶಗಳಿಗೆ ಒಂದು ಪ್ರವಾಸಕ್ಕೆ 3,000 ಅಮೆರಿಕನ್ ಡಾಲರಿನಷ್ಟು ನೋಟು ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿ ಇರಬೇಕು. ಹಜ್, ಉಮ್ರಾಕ್ಕೆ ಹೋಗುವವರಿಗೆ ಈ ಮಿತಿ ಇಲ್ಲ.

ನೋಟನ್ನು ಹುಬ್ಬಳ್ಳಿಯಲ್ಲೇ ಕೊಳ್ಳಿ. ಗೋಕುಲ ರಸ್ತೆಯ ನಮ್ಮ ವಿಮಾನ ನಿಲ್ದಾಣದಿಂದ ನೇರ ವಿದೇಶಿ ವಿಮಾನ ಇಲ್ಲ, ಬೆಂಗಳೂರಿಗೋ ಗೋವಾಕ್ಕೋ ಮುಂಬೈಗೋ ಹೋಗಿ ಹತ್ತಬೇಕು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ನಿದ್ದೆಗಣ್ಣಲ್ಲಿ ಏರ್‌ಪೋರ್ಟ್ ಕೌಂಟರಿಗೆ ಹೋದರೆ ಅವರು ಹೇಳಿದ ದರಕ್ಕೆ ಕೊಟ್ಟು ಬರಬೇಕಾಗುತ್ತದೆ, ಆ ದರ ಊರಿನದಕ್ಕಿಂತ ಸಾಮಾನ್ಯವಾಗಿ ಜಾಸ್ತಿ. ಇಲ್ಲಿ ನಿಮ್ಮ ಬ್ಯಾಂಕಿನಲ್ಲಿ ಒಮ್ಮೆ ಕೇಳಿ, ಲೈಸೆನ್ಸ್ ಇರುವ ಇಬ್ಬರು ಮನಿ ಚೇಂಜರ್‌ಗಳಿಗೆ ಒಂದೇ ದಿನ ಫೋನ್ ಮಾಡಿ, "ಎಲ್ಲಾ ಸೇರಿ ಕೈಗೆ ಎಷ್ಟಕ್ಕೆ ಕೊಡ್ತೀರಿ" ಅಂತ ಕೇಳಿ. ಪಾಸ್‌ಪೋರ್ಟ್, ಪ್ಯಾನ್, ವೀಸಾ, ಟಿಕೆಟ್ ಒಯ್ಯಿರಿ. 50,000 ರೂಪಾಯಿಗಿಂತ ಜಾಸ್ತಿಯಾದರೆ ನಗದು ತೆಗೆದುಕೊಳ್ಳುವುದಿಲ್ಲ, ಖಾತೆಯಿಂದಲೇ ಕೊಡಬೇಕು. ಜಿಎಸ್‌ಟಿ ಚಿಕ್ಕದು, 50,000 ರೂಪಾಯಿಯ ಡಾಲರಿಗೆ 90 ರೂಪಾಯಿ. ಪರಿಚಯದವರೊಬ್ಬರ ಹತ್ತಿರ ಡಾಲರ್ ಇದೆ, ಅಗ್ಗಕ್ಕೆ ಕೊಡುತ್ತಾರೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅದು ಕಾನೂನಿಗೆ ವಿರುದ್ಧ, ಖೋಟಾ ನೋಟು ಬಂದರೆ ಕೇಳುವವರೂ ಇಲ್ಲ. ರಸೀದಿ ತೆಗೆದುಕೊಂಡು ಪಾಸ್‌ಪೋರ್ಟ್ ಜೊತೆ ಇಡಿ.

ನೋಟು ಕೈಗೆ ಬಂದ ಮೇಲೆ ಅಲ್ಲೇ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ. ಅಂಚು ಹರಿದಿದ್ದು, ಪೆನ್ನಿನಲ್ಲಿ ಬರೆದಿದ್ದು, ಸ್ಟ್ಯಾಂಪ್ ಬಿದ್ದಿದ್ದು, ಪಿನ್ ಹೊಡೆದ ತೂತು ಇರುವುದು, ಇವು ಬೇಡ. ನಮ್ಮಲ್ಲಿ ಇವೆಲ್ಲ ನಡೆಯುತ್ತವೆ, ಆದರೆ ಹೊರಗೆ ಎಷ್ಟೋ ಮನಿ ಚೇಂಜರ್‌ಗಳು ಇಂಥ ಡಾಲರ್ ಮುಟ್ಟುವುದಿಲ್ಲ. ಮುಖದ ಚಿತ್ರ ಸಣ್ಣದಿರುವ ಹಳೇ ನೂರರ ನೋಟನ್ನೂ ಹಲವರು ತೆಗೆದುಕೊಳ್ಳುವುದಿಲ್ಲ. ಎಲ್ಲಾ ನೂರರದ್ದೇ ತಗೋಬೇಡಿ, ಐದು, ಹತ್ತು, ಇಪ್ಪತ್ತರ ನೋಟೂ ಬೇಕು.

ಹಿರಿಯರು ಒಬ್ಬರೇ ಹೊರಟಿದ್ದರೆ ನಾನು ಹೇಳುವುದು ಫಾರೆಕ್ಸ್ ಕಾರ್ಡ್. ಮೊದಲೇ ದುಡ್ಡು ತುಂಬಿಸಿಕೊಂಡು ಹೋಗುವ ಕಾರ್ಡ್ ಅದು. ತುಂಬಿಸಿದ ದಿನದ ದರವೇ ಗಟ್ಟಿ, ಆಮೇಲೆ ಡಾಲರ್ ಏರಿದರೂ ಚಿಂತೆ ಇಲ್ಲ. ಕಳೆದರೂ ಅದರಲ್ಲಿದ್ದಷ್ಟಕ್ಕೇ ಅಪಾಯ, ಉಳಿತಾಯ ಖಾತೆಗೆ ಕೈ ಹೋಗುವುದಿಲ್ಲ. ಹೋಗುವ ದೇಶದ ದುಡ್ಡನ್ನೇ ತುಂಬಿಸಿ. ಅಮೆರಿಕನ್ ಡಾಲರ್ ತುಂಬಿಸಿ ಲಂಡನ್ನಿನಲ್ಲಿ ಬಳಸಿದರೆ ಡಾಲರಿನಿಂದ ಪೌಂಡಿಗೆ ಬದಲಾಗುವಾಗ ಮತ್ತೆ ಶುಲ್ಕ. ಹೋಟೆಲಿನ ಡಿಪಾಸಿಟ್‌ಗೆ, ಬಾಡಿಗೆ ಕಾರಿಗೆ ಮಾತ್ರ ಕ್ರೆಡಿಟ್ ಕಾರ್ಡೇ ಕೊಡಿ, ಅವರು ಹಿಡಿದಿಟ್ಟ ಮೊತ್ತ ಬಿಡುಗಡೆಯಾಗಲು ದಿನಗಳು ಹಿಡಿಯುತ್ತವೆ, ಅಷ್ಟು ದಿನ ಫಾರೆಕ್ಸ್ ಕಾರ್ಡಿನ ದುಡ್ಡು ಸಿಕ್ಕಿಕೊಂಡರೆ ಊಟಕ್ಕೆ ತೊಂದರೆ. ಫಾರೆಕ್ಸ್ ಕಾರ್ಡು, ನೋಟು ಎಲ್ಲಾ ಸೇರಿ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದರೆ ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತಾರೆ, ರಿಟರ್ನ್ ಸಲ್ಲಿಸುವಾಗ ಅದನ್ನು ತೋರಿಸಿಕೊಳ್ಳಬಹುದು.

ದೇಶದಿಂದ ದೇಶಕ್ಕೆ ರೂಢಿ ಬೇರೆ. ಲಂಡನ್ನಿನ ಬಸ್ಸುಗಳು 2014ರಿಂದ ಕ್ಯಾಶ್ ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಟ್ಯಾಪ್ ಮಾಡಿದರೆ ಆಯಿತು. ಜಪಾನ್, ಜರ್ಮನಿಯ ಸಣ್ಣ ಹೋಟೆಲು, ಅಂಗಡಿಗಳಿಗೆ ಕೈಯಲ್ಲಿ ಸ್ವಲ್ಪ ಕ್ಯಾಶ್ ಇರಲಿ. ಜಪಾನಿನ ಸೆವೆನ್ ಇಲೆವೆನ್ ಅಂಗಡಿಗಳ ಎಟಿಎಂನಲ್ಲಿ ವಿದೇಶಿ ಕಾರ್ಡ್ ನಡೆಯುತ್ತದೆ. ಅಮೆರಿಕದ ಪೆಟ್ರೋಲ್ ಪಂಪಿನ ಮಷಿನ್ ಜಿಪ್ ಕೋಡ್, ಅಂದರೆ ಅಲ್ಲಿಯ ಪಿನ್ ಕೋಡ್ ಕೇಳಿ ನಮ್ಮ ಕಾರ್ಡನ್ನು ನಿರಾಕರಿಸಬಹುದು, ಒಳಗೆ ಹೋಗಿ ಕೌಂಟರಿನಲ್ಲಿ ಕೊಡಿ. ಯುರೋಪಿನ ಹಲವು ದೇಶಗಳಲ್ಲಿ 12,50 ಅಂತ ಬರೆದಿದ್ದರೆ ಹನ್ನೆರಡೂವರೆ ಅಂತ ಅರ್ಥ. ಯುಪಿಐ ಕೂಡ ಭೂತಾನ್, ನೇಪಾಳ, ಸಿಂಗಾಪುರ, ಯುಎಇ, ಶ್ರೀಲಂಕಾ, ಮಾರಿಷಸ್‌ನಂಥ ಕಡೆ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ, ಅದಕ್ಕೂ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಆನ್ ಮಾಡಬೇಕು. ಅದೊಂದನ್ನೇ ನಂಬಿ ಹೋಗಬೇಡಿ.

ಎರಡು ಕಾರ್ಡ್ ಇರಲಿ, ಒಂದು ವೀಸಾ, ಒಂದು ಮಾಸ್ಟರ್‌ಕಾರ್ಡ್, ಆದರೆ ಎರಡೂ ಒಂದೇ ಪರ್ಸಿನಲ್ಲಿ ಬೇಡ. ಈ ಸಲ ಅವ್ವನ ಕೈಚೀಲದ ಒಳಕಿಸೆಗೆ ನಾನೇ ಜಿಪ್ ಹೊಲಿದೆ. ಒಂದು ಕಾರ್ಡು, ನೂರು ಡಾಲರು ಅಲ್ಲಿ. ಇನ್ನೊಂದು ಕಾರ್ಡು ನನ್ನ ಹತ್ತಿರ. ಅದೇ ಕಿಸೆಯಲ್ಲಿ ಒಂದು ಚೀಟಿ, ಬ್ಯಾಂಕಿನ ಪ್ಲಸ್ 91ರಿಂದ ಶುರುವಾಗುವ ನಂಬರ್ ಬರೆದಿದ್ದು. ಕಾರ್ಡಿನ ಹಿಂದಿರುವ 1800ರ ಟೋಲ್‌ಫ್ರೀ ನಂಬರ್ ಹೊರದೇಶದಿಂದ ಸಾಮಾನ್ಯವಾಗಿ ಹತ್ತುವುದಿಲ್ಲ, ಅದಕ್ಕೇ ಈ ಚೀಟಿ. ಪಿನ್ ಮಾತ್ರ ಎಲ್ಲೂ ಬರೆಯಬೇಡಿ.

ಕಾರ್ಡ್ ಕಳೆದರೆ ಮೊದಲು ಆ್ಯಪ್‌ನಲ್ಲಿ ಬಂದ್ ಮಾಡಿ, ಆಮೇಲೆ ಹುಡುಕಿ. ಗೊತ್ತಿಲ್ಲದ ವ್ಯವಹಾರದ ಎಸ್‌ಎಂಎಸ್ ಬಂದರೆ ಕೂಡಲೇ ಬ್ಯಾಂಕಿಗೆ ತಿಳಿಸಿ, ದೂರಿನ ನಂಬರ್ ಪಡೆಯಿರಿ. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದೂ ಬ್ಯಾಂಕಿನದೂ ಅಲ್ಲದೆ ಮೂರನೆಯವರಿಂದ ಆದ ಮೋಸವನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಹೊರೆ ನಿಮ್ಮ ಮೇಲಿಲ್ಲ. ಊರಿಗೆ ಬಂದ ಮೇಲೆ ನೋಡೋಣ ಅಂತ ಬಿಟ್ಟರೆ ಆ ದಿನಗಳು ಕಳೆದುಹೋಗುತ್ತವೆ. ಎಷ್ಟೋ ವಿದೇಶಿ ವೆಬ್‌ಸೈಟುಗಳು ಒಟಿಪಿ ಕೇಳುವುದೇ ಇಲ್ಲ, ಹೀಗಾಗಿ ಆನ್‌ಲೈನ್ ಸ್ವಿಚ್ಚನ್ನು ಬೇಕಾದಾಗ ಮಾತ್ರ ಆನ್ ಮಾಡಿ.

ವಾಪಸ್ ಬಂದ ದಿನವೇ ವಿದೇಶಿ ಬಳಕೆ ಆಫ್ ಮಾಡಿ. ಉಳಿದ ನೋಟಿನಲ್ಲಿ 2,000 ಡಾಲರಿನಷ್ಟು ಮುಂದಿನ ಸಲಕ್ಕೆ ಇಟ್ಟುಕೊಳ್ಳಬಹುದು, ಅದಕ್ಕಿಂತ ಜಾಸ್ತಿ ಇದ್ದರೆ 180 ದಿನದೊಳಗೆ ಬದಲಾಯಿಸಬೇಕು, ಕೊಂಡಾಗಿನ ರಸೀದಿ ಆಗ ಬೇಕಾಗಬಹುದು. ನಾಣ್ಯಗಳನ್ನು ಇಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಹೊರಡುವ ದಿನ ಅಲ್ಲಿಯ ಏರ್‌ಪೋರ್ಟಿನಲ್ಲೇ ನೀರಿಗೋ ಚಾಕಲೇಟಿಗೋ ಖರ್ಚು ಮಾಡಿ ಬನ್ನಿ.