ಸಿಂಗಪುರದ ಪಿಆರ್ ಅರ್ಜಿ ಮತ್ತೆ ಮತ್ತೆ ತಿರಸ್ಕೃತವಾದರೆ ಮಾಡಬೇಕಾದ ಕೆಲಸಗಳು

ಸಿಂಗಪುರದಲ್ಲಿ ಕಾಯಂ ವಾಸದ (ಪಿಆರ್) ಅರ್ಜಿ ತಿರಸ್ಕೃತವಾದರೆ ಕಾರಣ ತಿಳಿಸುವ ಪದ್ಧತಿ ಇಲ್ಲ. ಸಿಂಗ್‌ಪಾಸ್ ಎಂಬ ಸರ್ಕಾರಿ ಡಿಜಿಟಲ್ ಗುರುತಿನ ಮೂಲಕ ಜಾಲತಾಣದ ಒಳಗೆ ಹೋಗಿ ಪತ್ರ ತೆರೆದರೆ ಪರಿಶೀಲಿಸಿದೆವು, ಒಪ್ಪಲಾಗಲಿಲ್ಲ ಎಂಬ ಅರ್ಥದ ಮರ್ಯಾದೆಯ ಮಾತು ಇರುತ್ತದೆ, ಅಷ್ಟೇ. ಸಂಬಳ ಸಾಲದಾಯಿತೇ, ವಯಸ್ಸು ಮೀರಿತೇ, ಓದಿದ ಕಾಲೇಜು ಹಿಡಿಸಲಿಲ್ಲವೇ, ಒಂದೂ ಗೊತ್ತಾಗುವುದಿಲ್ಲ. ಹೊಸಬರು ಆ ಸಾಲುಗಳನ್ನೇ ಹತ್ತು ಸಲ ಓದಿ ಒಳಾರ್ಥ ಹುಡುಕುತ್ತಾರೆ. ನನಗೆ ಬಂದ ಪತ್ರಗಳನ್ನೂ ಸಹೋದ್ಯೋಗಿಗಳಿಗೆ ಬಂದವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆ, ಒಕ್ಕಣೆ ಒಂದೇ.

ನಾನು ವುಡ್‌ಲ್ಯಾಂಡ್ಸ್ ಕಡೆಯ ಚಿಪ್ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದ ಎಂಜಿನಿಯರ್. ಇಲ್ಲಿ ದುಡಿಯಲು ವಿದೇಶಿ ವೃತ್ತಿಪರರಿಗೆ ಕೊಡುವ ಎಂಪ್ಲಾಯ್ಮೆಂಟ್ ಪಾಸ್ ನನ್ನ ಹೆಸರಿನಲ್ಲಿದೆ. ಗಂಡ, ಮಗಳು, ಮಗ ಮೂವರೂ ನನ್ನ ಪಾಸಿಗೆ ಜೋತುಬಿದ್ದ ಡಿಪೆಂಡೆಂಟ್ ಪಾಸಿನಲ್ಲಿದ್ದಾರೆ. ಬೇಡವೆನ್ನಿಸಿಕೊಳ್ಳುವ ವಿಷಯದಲ್ಲಿ ನಮ್ಮ ಮನೆಗೆ ಸಾಕಷ್ಟು ಅನುಭವವಿದೆ. ಕೆಟ್ಟ ವೇಫರ್ (ಚಿಪ್ ತಯಾರಿಸುವ ಸಿಲಿಕಾನ್ ಬಿಲ್ಲೆ) ಯಾಕೆ ಕೆಟ್ಟಿತು ಎಂದು ಮೂಲ ಕಾರಣ ಹುಡುಕುವುದೇ ನನ್ನ ಉದ್ಯೋಗ. ಮಾಹಿತಿ ಇಲ್ಲದ ಕಡೆ ಕಾರಣ ಊಹಿಸಿ ವರದಿ ಬರೆಯಬಾರದು ಎನ್ನುವುದು ಆ ಕೆಲಸದಲ್ಲಿ ಮೊದಲು ಹೇಳಿಕೊಡುವ ಮಾತು. ಪಿಆರ್ ಪತ್ರಕ್ಕೂ ಅದನ್ನೇ ಅನ್ವಯಿಸಿಕೊಳ್ಳಿ. ‘ನನ್ನಲ್ಲೇನು ಕೊರತೆ’ ಎಂಬ ಪ್ರಶ್ನೆಗೆ ಉತ್ತರ ಇರುವ ಜಾಗಕ್ಕೆ ನಿಮಗೆ ಪ್ರವೇಶವಿಲ್ಲ; ಆ ಪ್ರಶ್ನೆಯನ್ನು ಕೈಬಿಟ್ಟು ನಿಮ್ಮ ಹಿಡಿತದಲ್ಲಿರುವ ಕೆಲಸಕ್ಕೆ ಕೈಹಾಕಿ.

ಮೊದಲು ಲೆಕ್ಕ ಗೊತ್ತಿರಲಿ. ಸಿಂಗಪುರ 2008ರಲ್ಲಿ 79,167 ಜನರಿಗೆ ಪಿಆರ್ ಕೊಟ್ಟಿತ್ತು. 2010ರ ಹೊತ್ತಿಗೆ ಅದು 29,265ಕ್ಕೆ ಇಳಿಯಿತು. ಆಮೇಲಿನ ವರ್ಷಗಳಲ್ಲಿ ಹೆಚ್ಚುಕಡಿಮೆ ಮೂವತ್ತು ಸಾವಿರದ ಆಸುಪಾಸಿನಲ್ಲೇ ಇದೆ. 2024ರಲ್ಲಿ 35 ಸಾವಿರದಷ್ಟು. ಅದೇ ವರ್ಷ ದೇಶದಲ್ಲಿದ್ದ ವಿದೇಶಿಯರು 18 ಲಕ್ಷಕ್ಕೂ ಹೆಚ್ಚು. ಅವರೆಲ್ಲ ಅರ್ಜಿ ಹಾಕಲು ಅರ್ಹರಲ್ಲ, ನಿಜ. ಆದರೂ ಬಾಗಿಲು ಎಷ್ಟು ಕಿರಿದು ಎಂಬುದು ತಿಳಿಯುತ್ತದೆ. ‘ನಾವು ಅರ್ಜಿ ಹಾಕಿದ ಕೆಲವೇ ತಿಂಗಳಿಗೆ ಬಂತಪ್ಪ, ನಿಮಗೇಕೆ ಬರುತ್ತಿಲ್ಲ?’ ಎಂದು ಕೇಳುವ ಹಿರಿಯರು ಯಾವ ವರ್ಷ ಬಂದವರು ಎಂದು ವಿಚಾರಿಸಿ. 2010ಕ್ಕೆ ಮುಂಚೆ ಎಂದರೆ ನಕ್ಕು ಸುಮ್ಮನಾಗಿ. ಅವರ ಸಲಹೆಯ ಅವಧಿ ಮುಗಿದು ಬಹಳ ಕಾಲವಾಗಿದೆ.

ಇನ್ನು ಮತ್ತೆ ಅರ್ಜಿ ಹಾಕಬೇಕೇ, ಯಾವಾಗ ಹಾಕಬೇಕು ಎಂಬ ವಿಚಾರ. ‘ಆರು ತಿಂಗಳಿಗೊಮ್ಮೆ ಹಾಕುತ್ತಲೇ ಇರಿ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕುಟುಂಬದ ಹಿನ್ನೆಲೆ, ಆರ್ಥಿಕ ಕೊಡುಗೆ, ವಿದ್ಯಾರ್ಹತೆ, ವಯಸ್ಸು, ಎಷ್ಟು ವರ್ಷದಿಂದ ಇಲ್ಲಿದ್ದೀರಿ, ಇಲ್ಲಿನ ಬದುಕಿಗೆ ಹೊಂದಿಕೊಂಡು ನೆಲೆ ನಿಲ್ಲುವವರೇ ಎಂಬುದನ್ನೆಲ್ಲ ನೋಡುತ್ತೇವೆ ಎಂದು ವಲಸೆ ಪ್ರಾಧಿಕಾರವಾದ ಐಸಿಎ ಬಹಿರಂಗವಾಗಿಯೇ ಹೇಳುತ್ತದೆ. ಒಂದು ಹಾಳೆ ತೆಗೆದುಕೊಂಡು ಇವನ್ನು ಒಂದರ ಕೆಳಗೊಂದು ಬರೆಯಿರಿ. ಪಕ್ಕದಲ್ಲಿ ಹಿಂದಿನ ಅರ್ಜಿಯ ದಿನ ಇದ್ದ ಸ್ಥಿತಿ, ಅದರ ಪಕ್ಕದಲ್ಲಿ ಇಂದಿನ ಸ್ಥಿತಿ. ಬಡ್ತಿ ಬಂದಿದೆಯೇ? ಸಂಬಳ ಕಣ್ಣಿಗೆ ಬೀಳುವಷ್ಟು ಏರಿದೆಯೇ? ಮಗು ಇಲ್ಲಿನ ಶಾಲೆಗೆ ಸೇರಿದೆಯೇ? ಹೊಸ ಪದವಿ ಬಂದಿದೆಯೇ? ಎರಡು ಕಡೆಯೂ ಒಂದೇ ಬರಹವಿದ್ದರೆ ಉತ್ತರವೂ ಒಂದೇ ಬರುತ್ತದೆ ಎಂದುಕೊಳ್ಳಿ. ಒಬ್ಬರಿಗೆ 100 ಸಿಂಗಪುರ ಡಾಲರ್ ಶುಲ್ಕ, ಅದು ಮರಳಿ ಬರುವುದಿಲ್ಲ. ನಾಲ್ಕು ಜನರ ಮನೆಗೆ 400. ಅದಕ್ಕಿಂತ ದುಬಾರಿಯಾದದ್ದು ಮುಂದಿನ ಆರು ತಿಂಗಳು ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂರುವುದು.

ಹಾಕುವುದೆಂದು ನಿರ್ಧರಿಸಿದರೆ ಕಾಗದಪತ್ರಗಳಲ್ಲಿ ಸಡಿಲ ಬಿಡಬೇಡಿ. ನಮ್ಮ ಕಡೆಯವರಿಗೆ ತೊಂದರೆ ಕೊಡುವುದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್, ಪದವಿ ಪ್ರಮಾಣಪತ್ರದಲ್ಲಿ ಎರಡು, ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿಕೊಂಡು ತಂದೆಯ ಹೆಸರು, ಊರಿನ ಹೆಸರು ಎಲ್ಲವೂ ಸೇರಿದ ಉದ್ದನೆಯ ಸಾಲು. ಮದುವೆಯ ನೋಂದಣಿ ಪತ್ರದಲ್ಲಿ ಇನ್ನೊಂದು ರೂಪ. ನಮಗೆ ಇದು ಸಹಜ. ಕಡತ ನೋಡುವ ಅಧಿಕಾರಿಗೆ ಇವರು ನಾಲ್ಕು ಬೇರೆ ಬೇರೆ ಮನುಷ್ಯರು. ಎಲ್ಲ ರೂಪಗಳೂ ಒಬ್ಬರದೇ ಎಂದು ಹೇಳುವ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ. ಜನನ ಪತ್ರ ಕನ್ನಡದಲ್ಲಷ್ಟೇ ಇದ್ದರೆ ಅಧಿಕೃತ ಇಂಗ್ಲಿಷ್ ಅನುವಾದ ಬೇಕು. ಇದನ್ನು ಅರ್ಜಿ ತುಂಬುವ ವಾರ ಮಾಡಹೋಗದೆ, ರಜೆಯಲ್ಲಿ ಊರಿಗೆ ಹೋದಾಗಲೇ ಮುಗಿಸಿಕೊಂಡು ಬರುವುದು ಜಾಣತನ.

ಅರ್ಜಿಯ ಜೊತೆ ‘ಅನೆಕ್ಸ್ ಎ’ ಎಂಬ ನಮೂನೆ ಇರುತ್ತದೆ. ಅದನ್ನು ತುಂಬಿ ಸಹಿ ಹಾಕಬೇಕಾದವರು ನಿಮ್ಮ ಕಂಪನಿಯವರು. ಎರಡನೆಯ, ಮೂರನೆಯ ಸಲ ಅದನ್ನು ಕೇಳಲು ಎಚ್‌ಆರ್ ಮೇಜಿನ ಮುಂದೆ ನಿಲ್ಲುವುದಕ್ಕೆ ಎಷ್ಟೋ ಜನ ನಾಚಿಕೊಳ್ಳುತ್ತಾರೆ. ನಾಚಿಕೆಯ ಅಗತ್ಯವಿಲ್ಲ, ಅವರಿಗೆ ಅದು ದಿನನಿತ್ಯದ ಕಾಗದ. ಆದರೆ ಹುದ್ದೆಯ ಹೆಸರು, ಸಂಬಳದ ಅಂಕಿ ನಿಮ್ಮ ವೇತನ ಚೀಟಿಗೆ ಹೊಂದುತ್ತವೆಯೇ ಎಂದು ಅಲ್ಲೇ ನಿಂತು ನೋಡಿ. ಮೂಲ ವೇತನ ಬರೆಯಬೇಕಾದ ಕಡೆ ಭತ್ಯೆ ಸೇರಿಸಿ ಬರೆದಿದ್ದ ನಮೂನೆಯನ್ನು ನಾನೇ ತಿದ್ದಿಸಿದ್ದೇನೆ.

ಏಜೆನ್ಸಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾವಿರಾರು ಡಾಲರ್ ತೆಗೆದುಕೊಂಡು ನಿಮ್ಮದೇ ಕಾಗದಗಳನ್ನು ಚೆಂದದ ಕಡತದಲ್ಲಿ ಜೋಡಿಸಿಕೊಡುತ್ತಾರೆ. ಏಜೆನ್ಸಿ ಮೂಲಕ ಬಂದ ಅರ್ಜಿಗೆ ವಿಶೇಷ ಮನ್ನಣೆ ಇಲ್ಲವೆಂದು ಐಸಿಎ ಸ್ಪಷ್ಟವಾಗಿ ಹೇಳಿದೆ. ‘ಗ್ಯಾರಂಟಿ’ ಎಂದವರಿಂದ ದೂರವಿರಿ. ಸಂಬಳ, ಪದವಿಗಳ ಬಗ್ಗೆ ‘ಸ್ವಲ್ಪ ಹೆಚ್ಚಿಸಿ ಬರೆಯೋಣ’ ಎಂದವರಿಂದ ಇನ್ನೂ ದೂರವಿರಿ. ಸುಳ್ಳು ಮಾಹಿತಿ ಕೊಡುವುದು ಇಲ್ಲಿ ಅಪರಾಧ. ಸಮುದಾಯ ಕೇಂದ್ರದಲ್ಲಿ ಸ್ವಯಂಸೇವೆ ಮಾಡಿದರೆ ಪಿಆರ್ ಬರುತ್ತದೆ ಎಂಬ ನಂಬಿಕೆಯೂ ಬಲವಾಗಿದೆ. ಸೇವೆ ಮಾಡುವ ಮನಸ್ಸಿದ್ದರೆ ಮಾಡಿ, ಅಕ್ಕಪಕ್ಕದವರ ಪರಿಚಯವಾಗುತ್ತದೆ. ಪ್ರಮಾಣಪತ್ರಕ್ಕಾಗಿ ಭಾನುವಾರ ಬೆಳಿಗ್ಗೆ ಮುಖ ಗಂಟಿಕ್ಕಿಕೊಂಡು ಹೋಗುವವರನ್ನು ಅಲ್ಲಿನ ಅಜ್ಜಿಯರು ಮೊದಲ ವಾರವೇ ಗುರುತಿಸುತ್ತಾರೆ.

ನಾನು ನಿಜವಾಗಿ ಹೇಳಬೇಕೆಂದಿರುವುದು ಇನ್ನು ಮುಂದಿನದು. ಪಿಆರ್ ಪತ್ರದ ಚಿಂತೆಯಲ್ಲಿ ಜನ ಅದಕ್ಕಿಂತ ದೊಡ್ಡ ತಾರೀಕನ್ನು ಮರೆಯುತ್ತಾರೆ. ಅದು ನಿಮ್ಮ ಪಾಸಿನ ಮೇಲಿರುವ ಕೊನೆಯ ದಿನ. ಪಿಆರ್ ಬರದಿದ್ದರೆ ಬದುಕು ಇದ್ದಂತೆಯೇ ಇರುತ್ತದೆ. ಪಾಸ್ ನವೀಕರಣವಾಗದಿದ್ದರೆ ಮನೆಯೇ ಎದ್ದು ಹೊರಡಬೇಕು. ಎಂಪ್ಲಾಯ್ಮೆಂಟ್ ಪಾಸಿಗೆ ಬೇಕಾದ ಕನಿಷ್ಠ ತಿಂಗಳ ಸಂಬಳ 2025ರ ಜನವರಿಯಿಂದ ಹೊಸ ಅರ್ಜಿಗಳಿಗೆ 5,600 ಡಾಲರ್, ಹಣಕಾಸು ವಲಯದಲ್ಲಿ 6,200. ಇದು ಎಳೆಯ ವಯಸ್ಸಿನವರ ಲೆಕ್ಕ. ವಯಸ್ಸಿನೊಡನೆ ಅದು ಏರುತ್ತಾ, ಹಣಕಾಸು ಬಿಟ್ಟು ಉಳಿದ ವಲಯಗಳಲ್ಲಿ 45ರ ಹೊತ್ತಿಗೆ 10,700 ಮುಟ್ಟುತ್ತದೆ. ಇದರ ಜೊತೆ 2023ರಿಂದ ‘ಕಾಂಪಾಸ್’ ಎಂಬ ಅಂಕ ಪದ್ಧತಿ ಬಂದಿದೆ, 40 ಅಂಕ ಗಳಿಸಬೇಕು. 2024ರ ಸೆಪ್ಟೆಂಬರಿನಿಂದ ನವೀಕರಣಕ್ಕೂ ಅದು ಅನ್ವಯ. ಕಂಪನಿಯಲ್ಲಿ ನಿಮ್ಮ ದೇಶದವರೇ ತುಂಬಿಕೊಂಡಿದ್ದರೆ ಅಲ್ಲಿ ಅಂಕ ಸೋರಿಹೋಗುತ್ತದೆ. ಮಾನವಶಕ್ತಿ ಸಚಿವಾಲಯದ ಜಾಲತಾಣದಲ್ಲಿ ಸ್ವಯಂ ಪರೀಕ್ಷೆಯ ಸಾಧನವಿದೆ. ನವೀಕರಣಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಲು ಅವಕಾಶವಿದೆ. ಹಾಗಾಗಿ ಅದಕ್ಕೂ ಒಂದು ವರ್ಷ ಮೊದಲೇ ಆ ಸಾಧನದಲ್ಲಿ ನಿಮ್ಮ ಅಂಕಿಗಳನ್ನು ಹಾಕಿ ನೋಡಿಕೊಳ್ಳಿ.

ಕೆಲಸ ಹೋಗುವ ದಿನವನ್ನೂ ಊಹಿಸಿ ಇಟ್ಟುಕೊಳ್ಳಬೇಕು. ಅಪಶಕುನ ಎನ್ನಬೇಡಿ. ಪಾಸ್ ರದ್ದಾದರೆ ಸಾಮಾನ್ಯವಾಗಿ 30 ದಿನಗಳ ತಾತ್ಕಾಲಿಕ ಪಾಸ್ ಸಿಗುತ್ತದೆ. ನಿಮ್ಮನ್ನು ಅವಲಂಬಿಸಿದವರ ಪಾಸುಗಳೂ ನಿಮ್ಮದರ ಜೊತೆಗೇ ಹೋಗುತ್ತವೆ. ಆ ಹೊತ್ತಿಗೆ ಸರಿಯಾಗಿ ಇನ್ನೊಂದು ಪೆಟ್ಟು: ವಿದೇಶಿ ನೌಕರ ಕೆಲಸ ಬಿಟ್ಟಾಗ ಕಂಪನಿ ತೆರಿಗೆ ಇಲಾಖೆಗೆ ‘ಐಆರ್ 21’ ನಮೂನೆ ಸಲ್ಲಿಸಿ, ಕೊಡಬೇಕಾದ ಹಣವನ್ನು ತೆರಿಗೆ ತೀರುವ ತನಕ ತಡೆಹಿಡಿಯುತ್ತದೆ. ಅಂದರೆ ಅತಿ ಹೆಚ್ಚು ಹಣ ಬೇಕಾದ ತಿಂಗಳಲ್ಲೇ ಸಂಬಳ ಕೈಗೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಇದಕ್ಕೆಂದೇ ಬೇರೆ ಖಾತೆಯಿದೆ. ವಿಮಾನದ ಟಿಕೆಟ್, ಸಾಮಾನು ಸಾಗಿಸುವ ಖರ್ಚು, ಮೂರು ತಿಂಗಳ ಬಾಡಿಗೆ ಅದರಲ್ಲಿ ಇರುತ್ತವೆ. ಎಂಥ ಸಂದರ್ಭದಲ್ಲೂ ಅದನ್ನು ಮುಟ್ಟುವುದಿಲ್ಲ.

ಬಾಡಿಗೆ ಕರಾರಿನಲ್ಲಿ ‘ಡಿಪ್ಲೊಮ್ಯಾಟಿಕ್ ಕ್ಲಾಜ್’ ಎಂಬ ಷರತ್ತು ಇದೆಯೇ ನೋಡಿ. ಎರಡು ವರ್ಷದ ಕರಾರಿನಲ್ಲಿ ಕೆಲಸ ಹೋದರೆ ಅಥವಾ ದೇಶ ಬಿಡಬೇಕಾಗಿ ಬಂದರೆ, ಸಾಮಾನ್ಯವಾಗಿ ಮೊದಲ ವರ್ಷದ ನಂತರ ಎರಡು ತಿಂಗಳ ನೋಟಿಸ್ ಕೊಟ್ಟು ಹೊರಬರಲು ಅದು ದಾರಿ ಮಾಡಿಕೊಡುತ್ತದೆ. ಬಾಡಿಗೆಯಲ್ಲಿ ಐವತ್ತು ಡಾಲರ್ ಇಳಿಸಲು ಒಂದು ಗಂಟೆ ಜಗ್ಗಾಡುವ ನಾವು ಈ ಸಾಲನ್ನು ಓದದೆ ಸಹಿ ಹಾಕುತ್ತೇವೆ.

ಹಣದ ಮಾತು. ಪಿಆರ್ ಆದವರಿಗೆ ಸಿಪಿಎಫ್ ಎಂಬ ಭವಿಷ್ಯನಿಧಿ ಇರುತ್ತದೆ. ಪೂರ್ಣ ದರದಲ್ಲಿ, 55ರೊಳಗಿನ ನೌಕರ 20 ಶೇಕಡಾ, ಕಂಪನಿ 17 ಶೇಕಡಾ ಹಾಕುತ್ತಾರೆ. ನಮಗೆ ಅದಿಲ್ಲ, ಪೂರ್ತಿ ಸಂಬಳ ಕೈಗೆ ಬರುತ್ತದೆ, ಪೂರ್ತಿ ಖರ್ಚಾಗುತ್ತದೆ. ಈ ಕೊರತೆಯನ್ನು ನೀವೇ ತುಂಬಿಕೊಳ್ಳಬೇಕು. ಎಸ್‌ಆರ್‌ಎಸ್ ಎಂಬ ಸ್ವಯಂಪ್ರೇರಿತ ನಿವೃತ್ತಿ ಖಾತೆಗೆ ವಿದೇಶಿಯರು ವರ್ಷಕ್ಕೆ 35,700 ಡಾಲರ್ ತನಕ ಹಾಕಬಹುದು, ನಾಗರಿಕರಿಗೂ ಪಿಆರ್‌ಗಳಿಗೂ ಮಿತಿ 15,300 ಮಾತ್ರ. ಹಾಕಿದ ಮೊತ್ತಕ್ಕೆ ಆ ವರ್ಷ ತೆರಿಗೆ ವಿನಾಯಿತಿ. ಹತ್ತು ವರ್ಷ ಕಳೆದ ಮೇಲೆ, ಆ ಅವಧಿಯುದ್ದಕ್ಕೂ ವಿದೇಶಿಯಾಗಿಯೇ ಉಳಿದವರು ಒಂದೇ ಗಂಟಿನಲ್ಲಿ ತೆಗೆದರೆ ಅರ್ಧ ಮೊತ್ತಕ್ಕೆ ಮಾತ್ರ ತೆರಿಗೆ. ಅವಸರಕ್ಕೆ ನಡುವೆ ತೆಗೆದರೆ 5 ಶೇಕಡಾ ದಂಡ, ಪೂರ್ತಿ ಮೊತ್ತಕ್ಕೆ ತೆರಿಗೆ. ಮನೆ ಕೊಳ್ಳುವ ಆಸೆಯನ್ನು ಸದ್ಯಕ್ಕೆ ಮಡಿಸಿಡಿ: 2023ರ ಏಪ್ರಿಲ್‌ನಿಂದ ವಿದೇಶಿಯರಿಗೆ ಹೆಚ್ಚುವರಿ ಮುದ್ರಾಂಕ ಶುಲ್ಕವೇ 60 ಶೇಕಡಾ.

ಗಂಡನೋ ಹೆಂಡತಿಯೋ ಡಿಪೆಂಡೆಂಟ್ ಪಾಸಿನಲ್ಲಿದ್ದರೆ ಇನ್ನೊಂದು ಮಾತು. 2021ರ ಮೇ ತಿಂಗಳಿನಿಂದ ಅವರು ಕೆಲಸಕ್ಕೆ ಸೇರಲು ಸಾಮಾನ್ಯವಾಗಿ ಬೇರೆಯೇ ಉದ್ಯೋಗ ಪಾಸ್ ಬೇಕು. ಸಿಕ್ಕರೆ ಎರಡು ಲಾಭ: ಮನೆಗೆ ಎರಡನೆಯ ಸಂಬಳ, ಜೊತೆಗೆ ಒಬ್ಬರ ಪಾಸ್ ಹೋದರೂ ಇನ್ನೊಬ್ಬರ ಆಸರೆ. ನನ್ನ ಗಂಡ ಈಗ ಅದೇ ಪ್ರಯತ್ನದಲ್ಲಿದ್ದಾರೆ. ಇನ್ನೊಂದು ಪಿಆರ್ ಅರ್ಜಿಗಿಂತ ಇದರಿಂದ ಹೆಚ್ಚು ಪ್ರಯೋಜನ ಎಂಬುದು ನನ್ನ ಎಣಿಕೆ.

ಮಕ್ಕಳ ವಿಷಯವನ್ನು ‘ಪಿಆರ್ ಬಂದ ಮೇಲೆ ನೋಡೋಣ’ ಎಂದು ತಳ್ಳಬೇಡಿ. ವಿದೇಶಿ ಮಕ್ಕಳಿಗೆ ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಸೀಟು ಖಚಿತವಿಲ್ಲ, ಶುಲ್ಕವೂ ಪಿಆರ್ ಮಕ್ಕಳಿಗಿಂತ ಬಹಳ ಹೆಚ್ಚು. ಮಗಳು ಹೈಸ್ಕೂಲಿಗೆ ಬರುವ ಮೊದಲೇ ನಾವು ಸಿಬಿಎಸ್‌ಇ ಪಠ್ಯದ ಶಾಲೆಗೆ ಹಾಕಿದೆವು. ನಾಳೆ ಊರಿಗೆ ಹೋಗಬೇಕಾಗಿ ಬಂದರೂ ಅವಳ ಓದು ಮುರಿಯುವುದಿಲ್ಲ. ಇಲ್ಲಿನ ಶಾಲೆಯಲ್ಲಿ ಓದಿದರೆ ಅರ್ಜಿಗೆ ಬಲ ಎಂದು ಹಲವರು ವಾದಿಸಿದರು. ಇರಬಹುದು. ಅರ್ಜಿಯ ಬಲಕ್ಕಾಗಿ ಮಗುವಿನ ಹತ್ತನೆಯ ತರಗತಿಯನ್ನು ಪಣಕ್ಕಿಡಲು ನನಗೆ ಮನಸ್ಸಾಗಲಿಲ್ಲ. ಮಗನಿದ್ದರೆ ಇನ್ನೂ ಗಂಭೀರವಾಗಿ ಕೂತು ಮಾತಾಡಬೇಕು. ತಂದೆತಾಯಿಯ ಜೊತೆ ಪಿಆರ್ ಪಡೆದ ಗಂಡುಮಕ್ಕಳು ಹದಿನಾರೂವರೆ ವರ್ಷಕ್ಕೆ ಹೆಸರು ನೋಂದಾಯಿಸಿ, ಮುಂದೆ ಎರಡು ವರ್ಷ ರಾಷ್ಟ್ರೀಯ ಸೇವೆ, ಅಂದರೆ ಸೇನೆ, ಪೊಲೀಸ್ ಮುಂತಾದ ಕಡೆ ಕಡ್ಡಾಯ ಸೇವೆ, ಮಾಡಬೇಕು. ಸೇವೆ ಮಾಡದೆ ಪಿಆರ್ ಬಿಟ್ಟುಕೊಟ್ಟರೆ ಮುಂದೆ ಇಲ್ಲಿ ಓದಲು, ದುಡಿಯಲು ಹಾಕುವ ಅರ್ಜಿಗಳ ಮೇಲೆ ಪರಿಣಾಮವಾಗುತ್ತದೆ. ಅರ್ಜಿಯಲ್ಲಿ ಮಗನ ಹೆಸರು ಸೇರಿಸುವ ಮೊದಲು ಇದಕ್ಕೆ ನಿಮ್ಮ ಮನಸ್ಸು ಒಪ್ಪುತ್ತದೆಯೇ ಎಂದು ಕೇಳಿಕೊಳ್ಳಿ. ನಮ್ಮ ಮನೆಯಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ.

ಜನರ ಬಾಯಿಗೆ ಏನು ಹೇಳುವುದು? ಅರ್ಜಿ ಹಾಕಿದ್ದನ್ನೇ ಹೇಳಬೇಡಿ. ಊರಿನಲ್ಲಿ ಮದುವೆ ಮನೆಗೆ ಹೋದರೆ ‘ಅಲ್ಲೇ ಸೆಟ್ಲ್ ಆಗಿಬಿಟ್ಟಿರಾ?’ ಎಂದು ಕೇಳದವರಿಲ್ಲ. ‘ಕೆಲಸ ಇರುವ ತನಕ ಅಲ್ಲಿ’ ಎಂದರೆ ಸಾಕು, ಅದು ಸುಳ್ಳೂ ಅಲ್ಲ. ಪಕ್ಕದ ಮೇಜಿನವರಿಗೆ ಪಿಆರ್ ಬಂದು ಕೇಕ್ ಹಂಚುವ ದಿನ ಹೊಟ್ಟೆ ಉರಿಯುತ್ತದೆ. ಕೇಕ್ ತಿಂದು ಅಭಿನಂದಿಸಿ ಬನ್ನಿ. ಪಿಆರ್ ಕಳೆದುಕೊಳ್ಳದೆ ದೇಶದ ಹೊರಗೆ ಹೋಗಿಬರಲು ಅವರಿಗೆ ಬೇಕಾದ ಮರುಪ್ರವೇಶ ಪರವಾನಗಿಗೂ ಸಾಮಾನ್ಯವಾಗಿ ಐದು ವರ್ಷದ ಅವಧಿ, ಅವರೂ ನವೀಕರಣಕ್ಕೆ ಕಾಯಬೇಕು.

ಬೇರೆ ದೇಶದ ಯೋಚನೆಯಿದ್ದರೆ ಅದಕ್ಕೂ ವಯಸ್ಸಿನ ಲೆಕ್ಕವಿದೆ. ಕೆನಡಾ, ಆಸ್ಟ್ರೇಲಿಯಾಗಳ ಅಂಕ ಪದ್ಧತಿಯಲ್ಲಿ ವಯಸ್ಸು ಏರಿದಂತೆ ಅಂಕ ಇಳಿಯುತ್ತದೆ. ಆಸ್ಟ್ರೇಲಿಯಾದ ಅಂಕಾಧಾರಿತ ಕೌಶಲ ವೀಸಾಗಳಿಗೆ 45 ತುಂಬುವ ಮೊದಲೇ ಆಹ್ವಾನ ಬರಬೇಕು. ಅಲ್ಲಿ ಕನಿಷ್ಠಪಕ್ಷ ಯಾವುದಕ್ಕೆ ಎಷ್ಟು ಅಂಕ ಎಂಬುದಾದರೂ ಮೊದಲೇ ತಿಳಿಯುತ್ತದೆ. ‘ಇನ್ನೊಂದು ಸಲ ಇಲ್ಲಿ ನೋಡೋಣ’ ಎನ್ನುತ್ತಾ ಆ ಬಾಗಿಲುಗಳನ್ನೂ ಮುಚ್ಚಿಸಿಕೊಳ್ಳಬೇಡಿ. ಯಾವ ವಯಸ್ಸಿನ ತನಕ ಇಲ್ಲಿ ಪ್ರಯತ್ನ, ಆಮೇಲೆ ಎಲ್ಲಿ ಎಂಬುದನ್ನು ಗಂಡಹೆಂಡತಿ ಕೂತು ಬರೆದಿಟ್ಟುಕೊಳ್ಳಿ. ಬರೆಯುವ ದಿನ ಪತ್ರ ಬಂದ ದಿನವಾಗಿರದಿರಲಿ. ಆ ದಿನ ಒಬ್ಬರು ‘ನಾಳೆಯೇ ಹೋಗೋಣ’ ಎನ್ನುತ್ತಾರೆ, ಇನ್ನೊಬ್ಬರು ಮಾತೇ ಆಡುವುದಿಲ್ಲ.

ಮುಂದಿನ ಸಲ ಅನೆಕ್ಸ್ ಎ ಕೇಳಿ ಎಚ್‌ಆರ್‌ಗೆ ಇಮೇಲ್ ಬರೆಯುವಾಗ ಅದರಲ್ಲೇ ಇನ್ನೆರಡು ಪ್ರಶ್ನೆ ಸೇರಿಸಿ: ನನ್ನ ಪಾಸಿನ ನವೀಕರಣವನ್ನು ಯಾವ ತಿಂಗಳು ಶುರುಮಾಡುತ್ತೀರಿ, ಈಗಿನ ಸಂಬಳದಲ್ಲಿ ಕಾಂಪಾಸ್‌ನ 40 ಅಂಕ ದಾಟುತ್ತೇನೆಯೇ. ಎರಡನೆಯದಕ್ಕೆ ಉತ್ತರ ಅನುಮಾನಾಸ್ಪದವಾಗಿ ಬಂದರೆ ಪಿಆರ್ ಅರ್ಜಿಯನ್ನು ಪಕ್ಕಕ್ಕಿಟ್ಟು ಮೊದಲು ಸಂಬಳದ ಮಾತು ಎತ್ತಿ.