ಪೋರ್ಷೆ 928 ಕೊಳ್ಳುವ ಮುನ್ನ ಬೆಲೆ ಮತ್ತು ಖರ್ಚನ್ನು ಅಂದಾಜಿಸುವ ಬಗೆ

1977ರಿಂದ 1995ರವರೆಗೆ ಜರ್ಮನಿಯಲ್ಲಿ ತಯಾರಾದ ಪೋರ್ಷೆ 928 ಕಾರಿನ ಬೆಲೆ ಕಟ್ಟುವಾಗ ಮೊದಲು ಅದರ ಆವೃತ್ತಿಯನ್ನು ಗುರುತಿಸಬೇಕು, 5.4 ಲೀಟರ್ ಎಂಜಿನ್ನಿನ ಕೊನೆಯ ಜಿಟಿಎಸ್, ಅದರಲ್ಲೂ ಮ್ಯಾನುಯಲ್ ಗೇರಿನದು, ಉಳಿದವುಗಳಿಗಿಂತ ಬಹಳ ದುಬಾರಿ. ಆದರೆ ಆವೃತ್ತಿಗಿಂತಲೂ ನಿರ್ವಹಣೆಯ ದಾಖಲೆಗಳೇ ಮುಖ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಇದರ ವಿ8 ಎಂಜಿನ್ನಿನಲ್ಲಿ ವಾಲ್ವುಗಳು ತೆರೆದು ಮುಚ್ಚುವ ಸಮಯವನ್ನು ಪಿಸ್ಟನ್ನುಗಳ ಚಲನೆಗೆ ಹೊಂದಿಸುವ ಟೈಮಿಂಗ್ ಬೆಲ್ಟೇ ಎಂಜಿನ್ ತಂಪಾಗಿಸುವ ನೀರಿನ ಪಂಪನ್ನೂ ತಿರುಗಿಸುವುದರಿಂದ, ಪಂಪು ತಿರುಗದೆ ಬಿಗಿದುಕೊಂಡು ಬೆಲ್ಟ್ ತುಂಡಾದರೆ 32 ವಾಲ್ವಿನ ಎಂಜಿನ್ನಿನಲ್ಲಿ ವಾಲ್ವುಗಳು ಪಿಸ್ಟನ್ನುಗಳಿಗೆ ಬಡಿದು ಬಾಗುತ್ತವೆ, ಮತ್ತು ಆ ದುರಸ್ತಿಯ ವೆಚ್ಚ ಸಾಧಾರಣ ಸ್ಥಿತಿಯ ಕಾರಿನ ಬೆಲೆಯನ್ನೇ ಮೀರಬಹುದು. ಆದ್ದರಿಂದ ಬೆಲ್ಟ್ ಮತ್ತು ಪಂಪು ಎರಡನ್ನೂ ಬದಲಾಯಿಸಿದ ರಸೀದಿಯನ್ನು ಕೇಳಿ ನೋಡಿ. ಅದು ಇಲ್ಲದಿದ್ದರೆ ಆ ಕೆಲಸದ ಪೂರ್ಣ ಖರ್ಚನ್ನು ಕಳೆದೇ ಬೆಲೆ ಮಾತನಾಡಿ. ಸತುವಿನ ಲೇಪನವಿರುವ ಉಕ್ಕಿನ ಒಡಲಿಗೆ ತುಕ್ಕಿನ ಭಯ ಕಡಿಮೆ. ವಾರ್ಷಿಕ ಲೆಕ್ಕದಲ್ಲಿ ವಿಮೆ, ಟೈರು, ಹಳೆಯ ವೈರಿಂಗ್ ಹಾಗೂ ರಬ್ಬರ್ ಕೊಳವೆಗಳಿಗೆ ಹಣ ತೆಗೆದಿಡಿ.