ಪಾಂಬನ್ ಸೇತುವೆ: ಕಾರಿನಲ್ಲಿ ಹೋಗುವವರಿಗೆ ಒಂದು ಮಾತು

ರಾಮೇಶ್ವರಕ್ಕೆ ಕಾರಿನಲ್ಲಿ ಹೊರಟಿದ್ದರೆ ಹಿಂದಿನ ರಾತ್ರಿ ಮಧುರೈಯಲ್ಲಿ ತಂಗಿ, ನಸುಕಿನಲ್ಲೇ ಹೊರಡಿ. ಅಲ್ಲಿಂದ ಸುಮಾರು ಮೂರು ಗಂಟೆಯ ದಾರಿ. ರಾಮೇಶ್ವರ ದ್ವೀಪಕ್ಕೆ ಕಡಲು ದಾಟಿಸುವ, 1988ರಲ್ಲಿ ತೆರೆದ ಪಾಂಬನ್ ರಸ್ತೆ ಸೇತುವೆ ಎರಡು ಕಿಲೋಮೀಟರಿಗೂ ಉದ್ದವಿದೆ, ಆದರೆ ಅಗಲ ಕಡಿಮೆ. ಫೋಟೊ ತೆಗೆಯಲು ನಡುಸೇತುವೆಯಲ್ಲಿ ಕಾರು ನಿಲ್ಲಿಸುವವರು ಬಹಳ. ದಯವಿಟ್ಟು ನೀವು ನಿಲ್ಲಿಸಬೇಡಿ. ಮಕ್ಕಳು ಬಾಗಿಲು ತೆರೆಯುವ ಹೊತ್ತಿಗೇ ಬಸ್ಸು ಪಕ್ಕದಲ್ಲಿ ಹಾದುಹೋಗುತ್ತದೆ. ಕಾರನ್ನು ಸೇತುವೆಯಾಚೆ ನಿಲ್ಲಿಸಿ, ಪಾದಚಾರಿ ಹಾದಿಯಲ್ಲಿ ನಡೆದು ಬನ್ನಿ. ಗಾಳಿ ಜೋರು, ಮೊಬೈಲನ್ನು ಭದ್ರವಾಗಿ ಹಿಡಿಯಿರಿ.

ಇನ್ನೊಂದು ಮಾತು: ರೈಲಿನ ಸಮಯ ಹೊಂದಿದರೆ ಅಜ್ಜಿ, ತಾತ, ಮಕ್ಕಳನ್ನು ಸೇತುವೆಗೂ ಮೊದಲು ದಾರಿಯಲ್ಲಿ ಸಿಗುವ ರಾಮನಾಥಪುರದಲ್ಲಿ ರಾಮೇಶ್ವರದ ರೈಲು ಹತ್ತಿಸಿ. 2025ರಲ್ಲಿ ಉದ್ಘಾಟನೆಯಾದ ಹೊಸ ರೈಲು ಸೇತುವೆಯಲ್ಲಿ, ಹಡಗುಗಳಿಗೆ ದಾರಿ ಬಿಡಲು ಒಂದು ಭಾಗ ನೇರವಾಗಿ ಮೇಲೇರುತ್ತದೆ. ಕಿಟಕಿಯ ಕೆಳಗೇ ಕಡಲು!